ಹೊದಿಕೆಯ ಕೆಳಗೆ ನಿಂತ ಕಾರಿಗಿಂತ ದಿನವೂ ಓಡಿದ ಕಾರು ಮೇಲು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಬಳಸಿದ ಕಾರುಗಳ ಖರೀದಿಯ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎರಡೇ ಆಸನಗಳಿರುವ, ಛಾವಣಿ ಮಡಚಬಹುದಾದ ಸಣ್ಣ ಕಾರುಗಳ ವಿಷಯವನ್ನು ಲೇಖಕರು ಎರಡು ಮಾತಿನಲ್ಲಿ ಮುಗಿಸಿದ್ದಾರೆ. ಇಂಥ ಕಾರು ಮನೆಯಲ್ಲಿ ಮತ್ತೊಂದು ಕಾರು ಇರುವವರ ವಾರಾಂತ್ಯದ ಹವ್ಯಾಸ ಎಂಬುದು ಮೊದಲ ಮಾತು. ಕೊಳ್ಳಲೇಬೇಕೆಂದರೆ ಆದಷ್ಟು ಕಡಿಮೆ ಓಡಿದ, ಹೊದಿಕೆಯ ಕೆಳಗೆ ಜೋಪಾನವಾಗಿ ನಿಂತಿದ್ದ ಕಾರನ್ನೇ ಹುಡುಕಬೇಕು ಎಂಬುದು ಎರಡನೆಯದು. ಅಂಥದೇ ಒಂದು ಹಳೆಯ ಕನ್ವರ್ಟಿಬಲ್ಲನ್ನು ಕಳೆದ ಆರು ವರ್ಷಗಳಿಂದ ಏಕೈಕ ಕಾರಾಗಿ, ಕೆಲಸಕ್ಕೆ ಹೋಗಲು, ಸಾಮಾನು ತರಲು, ಮಳೆ ಬಿಸಿಲುಗಳ ಲೆಕ್ಕವಿಡದೆ ಬಳಸುತ್ತಿರುವ ನನಗೆ ಮೊದಲ ಮಾತು ಅರ್ಧ ಸತ್ಯವೆಂದೂ, ಎರಡನೆಯದು ಕೊಳ್ಳುವವರನ್ನು ನೇರವಾಗಿ ನಷ್ಟಕ್ಕೆ ತಳ್ಳುವಂಥದೆಂದೂ ಅನ್ನಿಸಿದ್ದರಿಂದ ಈ ಪತ್ರ. ನನ್ನ ಕಾರು ಯಾವ ಕಂಪನಿಯದೆಂದು ಹೇಳುವುದಿಲ್ಲ. ಈ ಪತ್ರ ಜಾಹೀರಾತೂ ಆಗಬಾರದು, ದೂರೂ ಆಗಬಾರದು.

ಈ ಬಗೆಯ ಕಾರುಗಳಿಗೆ ‘ಆಟಿಕೆ’ ಎಂಬ ಹೆಸರು ಅಂಟಿಕೊಂಡದ್ದಕ್ಕೆ ಕಾರಣವಿಲ್ಲದಿಲ್ಲ. 1950 ಮತ್ತು 60ರ ದಶಕಗಳ ಬ್ರಿಟಿಷ್ ರೋಡ್‌ಸ್ಟರ್‌ಗಳು, ಅಂದರೆ ಎರಡು ಆಸನಗಳ ತೆರೆದ ಕಾರುಗಳು, ಎಣ್ಣೆ ಸೋರುವುದಕ್ಕೂ, ತೇವದ ಬೆಳಗಿನಲ್ಲಿ ಸ್ಟಾರ್ಟ್ ಆಗದೆ ಮುಷ್ಕರ ಹೂಡುವುದಕ್ಕೂ ಹೆಸರಾಗಿದ್ದವು. ಅವನ್ನು ಇಟ್ಟುಕೊಂಡವರು ಅರ್ಧ ಮೆಕ್ಯಾನಿಕ್ ಆಗಿರಲೇಬೇಕಿತ್ತು. ಆ ಚಿತ್ರವನ್ನು ಬದಲಿಸಿದ್ದು 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಅನಾವರಣಗೊಂಡ, ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5. ಹಗುರವಾದ ಒಡಲು, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ ಎಂಬ ಹಳೆಯ ಸೂತ್ರವನ್ನೇ ಇಟ್ಟುಕೊಂಡು, ಸಾಧಾರಣ ಕುಟುಂಬದ ಕಾರಿನಷ್ಟೇ ನೆಚ್ಚಬಹುದಾದ 1.6 ಲೀಟರ್ ಎಂಜಿನ್ನನ್ನು ಅದಕ್ಕೆ ಕೂರಿಸಿದರು. 2016ರ ಏಪ್ರಿಲ್‌ನಲ್ಲಿ ಆ ಮಾದರಿಯ ಹತ್ತು ಲಕ್ಷನೆಯ ಕಾರು ತಯಾರಾಯಿತು. ಅಷ್ಟು ಸಂಖ್ಯೆಯ ಕಾರುಗಳೆಲ್ಲ ಭಾನುವಾರ ಮಾತ್ರ ಬೀದಿಗಿಳಿಯುತ್ತವೆ ಎಂದು ನಂಬುವುದು ಕಷ್ಟ.

ಹಾಗೆಂದು ಕೊರತೆಗಳನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಎಂಎಕ್ಸ್-5ರ ಈಗಿನ ಮಾದರಿಯ ಡಿಕ್ಕಿಯಲ್ಲಿ ಸುಮಾರು 130 ಲೀಟರ್ ಜಾಗವಿದೆ. ಸಾಧಾರಣ ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಅದರ ಎರಡು ಪಟ್ಟು ಇರುತ್ತದೆ. ಎಂಜಿನ್ ಆಸನಗಳ ಹಿಂದೆಯೇ ಕುಳಿತಿರುವ ಟೊಯೊಟಾ ಎಂಆರ್2 ಸ್ಪೈಡರ್‌ನಂಥ ಕಾರುಗಳಲ್ಲಿ ಡಿಕ್ಕಿ ಎಂಬುದು ಹೆಸರಿಗಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಇಂಥ ಕಾರು ಮೊದಲ ವಾರದಲ್ಲೇ ಕಲಿಸುತ್ತದೆ. ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲಗಳಿಗೆ ಬದಲಾಗಬೇಕು; ಒಬ್ಬರೇ ಹೋಗುವಾಗ ಪಕ್ಕದ ಆಸನವೇ ನಿಜವಾದ ಡಿಕ್ಕಿ. ಉದ್ದನೆಯ ಹಲಗೆಯೊಂದನ್ನು ತರಬೇಕಾದಾಗ, ಮಳೆಯಿಲ್ಲದಿದ್ದರೆ, ಛಾವಣಿ ತೆರೆದು ಅದನ್ನು ಪಕ್ಕದ ಆಸನದಲ್ಲಿ ಒರಗಿಸಿ ಬೆಲ್ಟ್ ಬಿಗಿದು ತಂದದ್ದೂ ಉಂಟು, ನೋಡಿದವರು ನಕ್ಕದ್ದೂ ಉಂಟು. ಮೂರನೆಯವರು ಬಂದರೆ ಮಾತ್ರ ಯಾವ ಉಪಾಯವೂ ಇಲ್ಲ. ಒಮ್ಮೆ ಮನೆಗೆ ಬಂದ ಅಕ್ಕ ಭಾವಂದಿರನ್ನು ನಿಲ್ದಾಣಕ್ಕೆ ಬಿಡಲು ಎರಡು ಬಾರಿ ಹೋಗಿ ಬಂದೆ, ಅವರ ಪೆಟ್ಟಿಗೆಗಳಿಗಾಗಿ ಮೂರನೆಯ ಬಾರಿ. ಸಣ್ಣ ಮಕ್ಕಳಿರುವ ಮನೆಗೆ ಇದೊಂದೇ ಕಾರು ಸಾಕಾಗದು ಎಂಬುದನ್ನು ನಾನೂ ಒಪ್ಪುತ್ತೇನೆ. ಹಿಮ್ಮುಖವಾಗಿ ಕೂರಿಸುವ ಶಿಶು ಆಸನವನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂಭಾಗದಲ್ಲಿ ಇಡುವುದಂತೂ ಪ್ರಾಣಾಪಾಯಕಾರಿ. ಇಬ್ಬರೇ ಇರುವ ಅಥವಾ ಒಬ್ಬರೇ ಇರುವ ಮನೆಗಳ ಮಾತು ಬೇರೆ. ಬಹುಪಾಲು ದಿನ ಒಬ್ಬರನ್ನೇ ಹೊತ್ತು ಓಡಾಡುವ ಐದು ಆಸನಗಳ ಕಾರನ್ನು ಯಾರೂ ಆಟಿಕೆ ಎನ್ನುವುದಿಲ್ಲವಲ್ಲ.

ಈಗ ಲೇಖನದ ಎರಡನೆಯ ಸಲಹೆಗೆ ಬರುತ್ತೇನೆ. ನಿಂತ ಕಾರು ಸವೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಆದರೆ ತಿಂಗಳುಗಟ್ಟಲೆ ನಿಂತ ಕಾರಿನ ಬ್ರೇಕ್ ಡಿಸ್ಕ್‌ಗಳು ತುಕ್ಕು ಹಿಡಿಯುತ್ತವೆ, ಆ ಡಿಸ್ಕ್‌ಗಳನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್‌ಗಳು ಕಚ್ಚಿಕೊಳ್ಳುತ್ತವೆ, ಟೈರುಗಳು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತವೆ, ಬ್ಯಾಟರಿ ಇಳಿಯುತ್ತದೆ, ಟ್ಯಾಂಕಿನಲ್ಲಿರುವ ಪೆಟ್ರೋಲ್ ಹಳಸುತ್ತದೆ. ಇದಿಷ್ಟೂ ಎಲ್ಲ ಕಾರುಗಳಿಗೂ ಅನ್ವಯಿಸುವ ಮಾತು. ಛಾವಣಿ ಮಡಚುವ ಕಾರಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ಅದು ನೀರು.

ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರೆಲ್ಲ ಜಾರಿ ನೇರವಾಗಿ ನೆಲಕ್ಕೆ ಬೀಳುವುದಿಲ್ಲ. ಇಂಥ ಅನೇಕ ಕಾರುಗಳಲ್ಲಿ ಛಾವಣಿಯ ಹಿಂದಿನ ಅಂಚಿನಲ್ಲಿ, ಆಸನಗಳ ಹಿಂಬದಿಯಲ್ಲಿ, ಒಂದು ರಬ್ಬರಿನ ದೋಣಿ ಇರುತ್ತದೆ. ಅಲ್ಲಿ ಸೇರಿದ ನೀರು ಎರಡೂ ಮೂಲೆಗಳ ಕೊಳವೆಗಳ ಮೂಲಕ ಕಾರಿನ ಅಡಿಗೆ ಇಳಿದುಹೋಗಬೇಕು. ಮರದ ಕೆಳಗೆ ನಿಂತ ಕಾರಿನಲ್ಲಿ ಈ ಕೊಳವೆಗಳಿಗೆ ಎಲೆ, ಹೂವಿನ ಎಸಳು, ಧೂಳು ಸೇರಿ ಕೆಸರಿನ ಬಿರಡೆಯಾಗುತ್ತದೆ. ದಿನವೂ ಓಡಿಸುವವನಿಗೆ ತಿರುವಿನಲ್ಲಿ ನೀರು ಕುಲುಕುವ ಸದ್ದು ಕೇಳುತ್ತದೆ, ಆಸನದ ಹಿಂದಿನ ಕಾರ್ಪೆಟ್ ಒದ್ದೆಯಾದದ್ದು ಕೈಗೆ ತಿಳಿಯುತ್ತದೆ, ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಹಬೆ ಕಟ್ಟಿದ್ದು ಕಣ್ಣಿಗೆ ಬೀಳುತ್ತದೆ. ಹೊದಿಕೆಯ ಕೆಳಗೆ ನಿಂತ ಕಾರಿನಲ್ಲಿ ಇವನ್ನೆಲ್ಲ ಗಮನಿಸಲು ಯಾರಿದ್ದಾರೆ? ತುಂಬಿದ ನೀರು ಬೇರೆ ದಾರಿ ಹುಡುಕುತ್ತದೆ. ಆ ದಾರಿ ಬಹಳ ಸಲ ಬಾಗಿಲಿನ ಕೆಳಗಿನ ಟೊಳ್ಳು ತೊಲೆಗಳೊಳಕ್ಕೆ, ಅಂದರೆ ಸಿಲ್‌ಗಳೊಳಕ್ಕೆ.

ಸಿಲ್ ತುಕ್ಕು ಹಿಡಿಯುವುದು ಬೇರೆ ಕಾರುಗಳಲ್ಲೂ ಒಳ್ಳೆಯದಲ್ಲ, ಇಲ್ಲಂತೂ ಅದು ಪ್ರಾಣದ ವಿಷಯ. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಅದು ಬಗ್ಗುವುದಿಲ್ಲ; ಮುಚ್ಚಳ ತೆಗೆದು ತಿರುಚಿದರೆ ಸುಲಭವಾಗಿ ಸೊಟ್ಟಗಾಗುತ್ತದೆ. ಉಕ್ಕಿನ ಛಾವಣಿಯಿರುವ ಕಾರು ಮುಚ್ಚಿದ ಪೆಟ್ಟಿಗೆಯಂತೆ. ಛಾವಣಿಯಿಲ್ಲದಾಗ ಒಡಲಿನ ಬಿಗಿಯ ಹೊಣೆಯ ದೊಡ್ಡ ಪಾಲು ನೆಲ ಮತ್ತು ಸಿಲ್‌ಗಳ ಮೇಲೆ ಬೀಳುತ್ತದೆ. ಒರಟು ರಸ್ತೆಯಲ್ಲಿ ಸ್ಟೀರಿಂಗ್ ಮತ್ತು ಮುಂದಿನ ಗಾಜಿನ ಚೌಕಟ್ಟು ಸಣ್ಣಗೆ ನಡುಗುವುದನ್ನು ಇಂಥ ಕಾರು ಓಡಿಸಿದ ಎಲ್ಲರೂ ಬಲ್ಲರು, ಅದು ಸಹಜ. ಆದರೆ ಸಿಲ್‌ಗಳು ಒಳಗಿನಿಂದ ತಿಂದುಹೋಗಿದ್ದರೆ ಮೇಲೆ ಹೊಳೆಯುವ ಬಣ್ಣ ಏನನ್ನೂ ಹೇಳುವುದಿಲ್ಲ, ಮೀಟರಿನಲ್ಲಿರುವ ಕಡಿಮೆ ಕಿಲೋಮೀಟರ್ ಇನ್ನೂ ಕಡಿಮೆ ಹೇಳುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕಾರು ಹುಡುಕುತ್ತಿದ್ದಾಗ ಮೊದಲು ಮನಸೋತದ್ದು ಅಂಥದೇ ‘ಜೋಪಾನದ’ ಕಾರಿಗೆ. ಹನ್ನೆರಡು ವರ್ಷದಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ, ಬಣ್ಣ ಕನ್ನಡಿಯಂತಿತ್ತು. ಬಾಗಿಲು ತೆರೆದಾಗ ಬಂದ ಮುಗ್ಗಲು ವಾಸನೆಯನ್ನು ಮಾಲೀಕರು ಬಹುಕಾಲ ಮುಚ್ಚಿಟ್ಟದ್ದರಿಂದ ಎಂದು ವಿವರಿಸಿದರು, ನಾನೂ ತಲೆಯಾಡಿಸಿದೆ. ಜೊತೆಗೆ ಬಂದ ಮೆಕ್ಯಾನಿಕ್ ಮಾತ್ರ ಏನೂ ಹೇಳದೆ ಆಸನದ ಹಿಂದಿನ ಕಾರ್ಪೆಟ್ಟನ್ನು ಎತ್ತಿದರು. ಅಡಿಯಲ್ಲಿ ನೀರು ನಿಂತಿತ್ತು. ಆಮೇಲೆ ಕಾರಿನ ಕೆಳಗೆ ಮಲಗಿ ಸಿಲ್ಲಿನ ಹಿಂತುದಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರು. ಬಣ್ಣದ ಹಕ್ಕಳೆಯೊಂದಿಗೆ ಅಂಗೈಯಗಲದ ತುಕ್ಕು ಉದುರಿತು. ಕೊನೆಗೆ ನಾನು ಕೊಂಡದ್ದು ಅದರ ನಾಲ್ಕು ಪಟ್ಟು ಓಡಿದ, ಬಾಗಿಲ ಮೇಲೆ ಗೀರುಗಳಿದ್ದ, ಆದರೆ ಪ್ರತಿ ಸರ್ವೀಸಿನ ಚೀಟಿಯನ್ನೂ ಇಟ್ಟಿದ್ದ ಮನೆಯ ಕಾರನ್ನು. ಹಿಂದಿನ ಮಾಲೀಕರು ಅದರಲ್ಲಿ ದಿನವೂ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಆರು ವರ್ಷಗಳಲ್ಲಿ ಅದು ನನ್ನನ್ನು ದಾರಿಯಲ್ಲಿ ನಿಲ್ಲಿಸಿದ್ದು ಒಮ್ಮೆ ಮಾತ್ರ, ಕ್ಲಚ್ಚನ್ನು ಎಣ್ಣೆಯ ಒತ್ತಡದಿಂದ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರಿದಾಗ.

ಛಾವಣಿಯ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಹಳೆಯ ಕನ್ವರ್ಟಿಬಲ್ಲಿನಲ್ಲಿ ಮೂಗಿಗಿಂತ ಮೂಗುತಿ ಭಾರವಾಗುವುದು ಇಲ್ಲಿಯೇ. ಗುಂಡಿ ಒತ್ತಿದರೆ ತಾನೇ ಮಡಚಿಕೊಳ್ಳುವ ಛಾವಣಿ ನೋಡಲು ಚೆಂದ. ಆದರೆ ಅದರ ಮೋಟಾರು, ಸ್ವಿಚ್ಚು, ಕೆಲವು ಕಾರುಗಳಲ್ಲಿ ಹೈಡ್ರಾಲಿಕ್ ಪಂಪು ಎಲ್ಲವೂ ಕಾರಿನಷ್ಟೇ ವಯಸ್ಸಾದವು, ಮತ್ತು ಅರ್ಧ ತೆರೆದು ನಿಂತುಬಿಡುವ ಅದರ ಅಭ್ಯಾಸಕ್ಕೆ ಮಳೆಯ ಮೋಡ ಕಾಣಿಸಿಕೊಳ್ಳುವ ಹೊತ್ತೇ ಬೇಕು. ದಿನಬಳಕೆಗೆ ಕೈಯಿಂದ ಮಡಚುವ ಬಟ್ಟೆಯ ಛಾವಣಿಯೇ ವಾಸಿ. ಗಾಜಿನ ಚೌಕಟ್ಟಿನ ಚಿಲಕ ಬಿಡಿಸಿ ಹಿಂದಕ್ಕೆ ಎಸೆದರೆ ಆಯಿತು. ಅಭ್ಯಾಸವಾದವರು ಸಿಗ್ನಲ್ ಕೆಂಪಿನಿಂದ ಹಸಿರಾಗುವಷ್ಟರಲ್ಲಿ ಮುಗಿಸುತ್ತಾರೆ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ ವರ್ಷಗಳು ಕಳೆದಂತೆ ಮಂಜಾಗುತ್ತದೆ, ಚಳಿಯಲ್ಲಿ ಮಡಚಿದರೆ ಸೀಳುತ್ತದೆ. ಎಂಎಕ್ಸ್-5ರ ಮೊದಲ ಪೀಳಿಗೆಯಲ್ಲಿ ಇಂಥ ಕಿಟಕಿಯ ಜಿಪ್ ಬಿಚ್ಚಿಯೇ ಛಾವಣಿ ಇಳಿಸುವುದು ರೂಢಿಯಾಗಿತ್ತು. 1998ರಲ್ಲಿ ಬಂದ ಎರಡನೆಯ ಪೀಳಿಗೆಗೆ ಗಾಜಿನ ಕಿಟಕಿ ಕೊಟ್ಟರು. ಒದ್ದೆ ಬಟ್ಟೆಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆಂಬುದು ಗೊತ್ತೇ ಇದೆ. ತೊಳೆಯುವಾಗ ರಭಸದ ನೀರಿನ ಪೈಪನ್ನು ಹೊಲಿಗೆಯ ಹತ್ತಿರ ಹಿಡಿಯಬಾರದು. ಮೆತ್ತನೆಯ ಬ್ರಷ್ಷು, ವರ್ಷಕ್ಕೊಮ್ಮೆ ನೀರು ತಡೆಯುವ ಲೇಪ, ರಬ್ಬರ್ ಪಟ್ಟಿಗಳಿಗೆ ಸ್ವಲ್ಪ ಸಿಲಿಕೋನ್, ಇಷ್ಟು ಸಾಕು.

ಬಟ್ಟೆಯ ಛಾವಣಿಯನ್ನು ಯಾರು ಬೇಕಾದರೂ ಚಾಕುವಿನಿಂದ ಸೀಳಬಹುದಲ್ಲ ಎಂದು ಕೇಳುವವರಿದ್ದಾರೆ. ಸೀಳಬಹುದು. ಅದಕ್ಕೇ ಈ ಕಾರಿನಲ್ಲಿ ಕಣ್ಣಿಗೆ ಬೀಳುವಂತೆ ಏನನ್ನೂ ಬಿಡಬಾರದು. ಒಳಗೆ ಏನೂ ಇಡದೆ, ಬಾಗಿಲಿಗೆ ಬೀಗವನ್ನೂ ಹಾಕದೆ ಬಿಡುವ ಮಾಲೀಕರು ಇದ್ದಾರೆ. ಛಾವಣಿಯ ಬೆಲೆಗಿಂತ ಹೆಚ್ಚಿನದು ಒಳಗೇನೂ ಇಲ್ಲವೆಂಬುದು ಅವರ ವಾದ. ವಿಮೆಯ ಷರತ್ತುಗಳನ್ನು ಓದದೆ ಅವರನ್ನು ಅನುಸರಿಸಬೇಡಿ.

ರಸ್ತೆಯಲ್ಲಿ ಇದರ ನಿಜವಾದ ತೊಡಕು ಎತ್ತರದ್ದು. ಲಾರಿಯ ಚಕ್ರದ ಮಟ್ಟಕ್ಕೆ ನಮ್ಮ ಕಣ್ಣಿರುತ್ತದೆ. ಅವರ ಕನ್ನಡಿಗೆ ನಾವು ಕಾಣದೇ ಹೋಗುವುದು ಸುಲಭ. ಛಾವಣಿ ಮುಚ್ಚಿದಾಗ ಹಿಂದಿನ ಮೂಲೆಗಳು ನಮಗೂ ಕಾಣುವುದಿಲ್ಲ. ಹಾಗಾಗಿ ನಾನು ಹಗಲಿನಲ್ಲೂ ದೀಪ ಹಚ್ಚಿಯೇ ಓಡಿಸುತ್ತೇನೆ, ದೊಡ್ಡ ವಾಹನಗಳ ಪಕ್ಕದಲ್ಲಿ ನಿಧಾನಿಸುವುದಿಲ್ಲ, ಲೇನ್ ಬದಲಿಸುವಾಗ ಕನ್ನಡಿಯನ್ನಷ್ಟೇ ನಂಬದೆ ಕತ್ತು ತಿರುಗಿಸಿ ನೋಡುತ್ತೇನೆ. ಹಿಂದಿನ ಚಕ್ರಗಳ ಚಾಲನೆ ಇರುವುದರಿಂದ ಒದ್ದೆ ರಸ್ತೆಯಲ್ಲಿ ಸವೆದ ಟೈರಿನ ಮೇಲೆ ಆಟ ಸಲ್ಲದು; ಟೈರುಗಳು ಸಣ್ಣವು, ಹಾಗಾಗಿ ಬದಲಿಸುವುದು ದೊಡ್ಡ ಹೊರೆಯೂ ಅಲ್ಲ. ಮೊಣಕಾಲು ನೋವಿರುವವರಿಗೆ ಹತ್ತಿ ಇಳಿಯುವುದು ಶಿಕ್ಷೆ, ಅಥವಾ ಇಳಿದು ಹತ್ತುವುದು ಎನ್ನಬೇಕೇನೋ, ಏಕೆಂದರೆ ಕೂರುವಾಗ ಇಳಿಯಬೇಕು, ಹೊರಬರುವಾಗ ಹತ್ತಬೇಕು. ಹೆದ್ದಾರಿಯ ವೇಗದಲ್ಲಿ ಛಾವಣಿ ತೆರೆದು ಗಂಟೆಗಟ್ಟಲೆ ಓಡಿಸಿದರೆ ಗಾಳಿಯ ಸದ್ದಿಗೆ ಕಿವಿ ದಣಿಯುತ್ತದೆ. ಉದ್ದದ ಪ್ರಯಾಣಕ್ಕೆ ನಾನು ಮುಚ್ಚಿಕೊಂಡೇ ಹೋಗುತ್ತೇನೆ.

ತೆರೆಯುವುದು ಬೆಳಗಿನ ಅರ್ಧ ಗಂಟೆ, ಸಂಜೆಯ ಅರ್ಧ ಗಂಟೆ. ಪಕ್ಕದ ಗಾಜುಗಳನ್ನು ಏರಿಸಿ, ಆಸನಗಳ ಹಿಂದೆ ಗಾಳಿತಡೆಯ ಪುಟ್ಟ ಪರದೆ ಇಟ್ಟು, ಚಳಿಯಿದ್ದರೆ ಕಾಲಿನ ಬಳಿ ಹೀಟರ್ ಹಾಕಿಕೊಂಡರೆ ಊರೊಳಗಿನ ವೇಗದಲ್ಲಿ ಟೋಪಿಯೂ ಹಾರುವುದಿಲ್ಲ. ಮಳೆ ಬಂದು ನಿಂತ ಮಣ್ಣಿನ ವಾಸನೆ, ಮರದ ಕೆಳಗೆ ಹಾದುಹೋಗುವಾಗ ಒಮ್ಮೆಲೆ ಇಳಿಯುವ ತಂಪು, ಪಕ್ಕದಲ್ಲಿ ನಿಂತ ಸೈಕಲ್ಲಿನವನ ಒಂದು ಮಾತು, ಇವೆಲ್ಲ ಸಿಗುವುದು ದಿನವೂ ಓಡಿಸುವವನಿಗೆ. ವಾರಾಂತ್ಯಕ್ಕೆಂದು ಎತ್ತಿಟ್ಟವರ ಪಾಲಿಗೆ ಮಳೆ ಬರುವುದೂ ಅದೇ ವಾರಾಂತ್ಯದಲ್ಲಿ.

ನಿಮ್ಮ ವಾಹನ ಪುಟ ಮುಂದೆಂದಾದರೂ ಈ ಬಗೆಯ ಕಾರುಗಳ ಖರೀದಿಯ ಬಗ್ಗೆ ಬರೆಯುವುದಾದರೆ, ಕಿಲೋಮೀಟರಿನ ಪ್ರಶ್ನೆಗಿಂತ ಮೊದಲು ಒಂದು ತಂಬಿಗೆ ನೀರಿನ ಪರೀಕ್ಷೆಯನ್ನು ಸೂಚಿಸಬೇಕೆಂದು ನನ್ನ ಕೋರಿಕೆ. ಮಾಲೀಕರ ಅನುಮತಿ ಪಡೆದು, ಛಾವಣಿಯನ್ನು ಅರ್ಧ ಎತ್ತಿ, ಹಿಂದಿನ ಎರಡೂ ಮೂಲೆಗಳ ಕೊಳವೆಗಳ ಬಾಯಿಗೆ ನಿಧಾನವಾಗಿ ನೀರು ಸುರಿಯಲಿ. ಸುರಿದ ನೀರು ಆಗಲೇ ಎರಡೂ ಬದಿಯಲ್ಲಿ ಕಾರಿನ ಅಡಿಯಿಂದ ಹೊರಗೆ ಬಂದರೆ ಮುಂದಿನ ಮಾತು. ಬಾರದಿದ್ದರೆ ಕಾರ್ಪೆಟ್ ಎತ್ತಿ, ಸಿಲ್ ತಟ್ಟಿ ನೋಡಲಿ. ಮಾಲೀಕರು ಅದಕ್ಕೆ ಒಪ್ಪದಿದ್ದರೆ ತಂಬಿಗೆಯನ್ನು ಹಿಂತಿರುಗಿಸಿ ಬರಲಿ.

ಇತಿ,
ತಮ್ಮ ಪತ್ರಿಕೆಯ ಓದುಗ