ಬತ್ತಿದ ಕೊಳವೆಬಾವಿ ತಂಪಿಗೆ ಬಳಕೆಯಾಗಲಿ

ಮಾನ್ಯರೇ,

ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಭೂಶಾಖ ಇಂಧನ ನೀತಿಯ ಚರ್ಚೆ ಲಡಾಖ್‌ನ ಪೂಗಾ ಕಣಿವೆಯ ವಿದ್ಯುತ್ ಯೋಜನೆಗಷ್ಟೇ ನಿಲ್ಲದೆ ಕಲಬುರಗಿಯಂತಹ ಬಿಸಿಲ ನಾಡಿಗೂ ಬರಬೇಕಿದೆ. ನಮ್ಮ ಕರಿಕಲ್ಲಿನ ನೆಲದಿಂದ ವಿದ್ಯುತ್ ನಿರೀಕ್ಷಿಸುವುದು ದೂರದ ಮಾತು. ಆದರೆ ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಾಗಲೂ ಅಂಗಳದ ಕೊಳವೆಬಾವಿಯಿಂದ ಆಗಷ್ಟೇ ಬಂದ ನೀರು ತಂಪಾಗಿರುವುದನ್ನು ಇಲ್ಲಿನವರೆಲ್ಲ ಬಲ್ಲರು. ನೆಲದಾಳದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುವುದರಿಂದ, ನೆಲದೊಳಗೆ ಇಳಿಸಿದ ಕೊಳವೆಗಳಲ್ಲಿ ನೀರು ಹರಿಸಿ ಕಟ್ಟಡದ ಶಾಖವನ್ನು ಭೂಮಿಗೆ ಇಳಿಸುವ ಹೀಟ್ ಪಂಪ್, ಹೊರಗಿನ ಸುಡುಗಾಳಿಗೆ ಶಾಖ ಬಿಡಬೇಕಾದ ಎ.ಸಿ.ಗಿಂತ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡಬಲ್ಲದು. ಕೊರೆಯುವ ವೆಚ್ಚವೇ ಇದಕ್ಕಿರುವ ದೊಡ್ಡ ತೊಡಕು; ಬತ್ತಿದ ಕೊಳವೆಬಾವಿಗಳಿಗಂತೂ ನಮ್ಮಲ್ಲಿ ಬರವಿಲ್ಲ. ಅಂಥದ್ದೊಂದು ಈ ಕೆಲಸಕ್ಕೆ ಒದಗೀತೇ ಎಂಬುದನ್ನು ಜಿಲ್ಲಾಡಳಿತವು ಸ್ಥಳೀಯ ಎಂಜಿನಿಯರಿಂಗ್ ಕಾಲೇಜುಗಳ ನೆರವಿನಿಂದ ಪರಿಶೀಲಿಸಿ, ಮುಂದಿನ ಬೇಸಿಗೆಯೊಳಗೆ ಒಂದು ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಾದರೂ ಪ್ರಯೋಗ ನಡೆಸಲಿ.

– ಓದುಗ, ಕಲಬುರಗಿ