ಮುಗಿಯುವ ಆಟವನ್ನು ಕೊಡಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಮಕ್ಕಳ ವಿಡಿಯೊ ಗೇಮ್ ಚಟದ ಬಗ್ಗೆ ಪತ್ರಿಕೆಗಳಲ್ಲಿ ಲೇಖನಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಗುಂಡು, ಕತ್ತಿ, ರಕ್ತದ ಮಾತೇ ಹೆಚ್ಚು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕ ಮೇಲೆ ಚರ್ಚೆ ದುಡ್ಡಿನ ಕಡೆಗೂ ಹೊರಳಿದೆ. ಎರಡೂ ಬೇಕಾದ ಚರ್ಚೆಯೇ. ಆದರೆ ಊಟಕ್ಕೆ ಹತ್ತು ಸಲ ಕರೆದರೂ ಮಗು ಏಳದೆ ಕೂರುವುದಕ್ಕೆ ಇನ್ನೊಂದು ಕಾರಣವಿದೆ: ಕೈಯಲ್ಲಿರುವ ಆಟಕ್ಕೆ ಕೊನೆಯೇ ಇಲ್ಲ. ದಿನವೂ ತೆರೆದರೆ ಬಹುಮಾನ, ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಮೊದಲಿನಿಂದ. ಮಿಠಾಯಿ ಜೋಡಿಸುವ ಆಟದಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಆದರೂ ಹಂತಗಳು ಸಾವಿರಗಟ್ಟಲೆ. ಹೊಡೆದಾಟ ಇದೆಯೇ ಎಂದು ವಿಚಾರಿಸುವ ಪೋಷಕರು, ಇದು ಮುಗಿಯುತ್ತದೆಯೇ ಎಂದೂ ವಿಚಾರಿಸಬೇಕು.

ಉದಾಹರಣೆಗೆ ‘ಎ ಶಾರ್ಟ್ ಹೈಕ್’. ಕೆನಡಾದ ಆಡಮ್ ರಾಬಿನ್ಸನ್-ಯು ಬಹುಪಾಲು ಒಬ್ಬರೇ ಕೂತು ಮಾಡಿದ ಆಟ. ಸಂಗೀತ ಮಾರ್ಕ್ ಸ್ಪಾರ್ಲಿಂಗ್ ಅವರದು. 2019ರಲ್ಲಿ ಕಂಪ್ಯೂಟರ್‌ಗೆ, ಮರುವರ್ಷ ನಿಂಟೆಂಡೊ ಸ್ವಿಚ್ ಎಂಬ ಆಟದ ಸಾಧನಕ್ಕೆ ಬಂತು. 2020ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಅತ್ಯುನ್ನತ ಪ್ರಶಸ್ತಿಯೂ ಇದಕ್ಕೇ ಸಿಕ್ಕಿತು. ಕಥೆ ಒಂದು ಸಾಲಿನದು. ಕ್ಲೇರ್ ಎಂಬ ಹಕ್ಕಿ ಒಂದು ಮುಖ್ಯ ಫೋನ್ ಕರೆಗೆ ಕಾಯುತ್ತಿದ್ದಾಳೆ, ದ್ವೀಪದಲ್ಲಿ ನೆಟ್‌ವರ್ಕ್ ಇಲ್ಲ, ಸಿಗ್ನಲ್ ಬೇಕಾದರೆ ಹಾಕ್ ಪೀಕ್ ಶಿಖರ ಹತ್ತಬೇಕು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಹೊಡೆದಾಟವಿಲ್ಲದ ಆಟ ಸಪ್ಪೆ ಎನ್ನುವವರು ಇಲ್ಲಿನ ಚಿನ್ನದ ಗರಿಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಗರಿ ಇಲ್ಲದ ಕ್ಲೇರ್ ನಡೆಯಬಲ್ಲಳು, ಎತ್ತರದಿಂದ ಹಾರಿ ರೆಕ್ಕೆ ಬಿಚ್ಚಿ ತೇಲಬಲ್ಲಳು, ಅಷ್ಟೇ. ಒಂದು ಗರಿ ಸಿಕ್ಕಿತೆಂದರೆ ಗಾಳಿಯಲ್ಲೇ ಇನ್ನೊಂದು ನೆಗೆತ, ಇಲ್ಲವೇ ಬಂಡೆಗೆ ಅಂಟಿಕೊಂಡು ತುಸು ದೂರ ಹತ್ತುವಷ್ಟು ದಮ್ಮು. ಕಾಲು ನೆಲಕ್ಕೆ ತಾಗಿದ ಕೂಡಲೇ ಖರ್ಚಾದದ್ದು ಮರಳಿ ಬರುತ್ತದೆ. ದ್ವೀಪದಲ್ಲಿ ಒಟ್ಟು 20 ಗರಿಗಳಿವೆ. ತುದಿ ಮುಟ್ಟಲು ಸುಮಾರು 7 ಸಾಕು. ಕೆಲವು ಗರಿಗಳನ್ನು ನಾಣ್ಯ ಕೊಟ್ಟು ಕೊಳ್ಳಬಹುದು, ಕೆಲವು ಬಂಡೆಗಳ ನೆತ್ತಿಯ ಮೇಲಿವೆ.

ಹೊಸಬರು ಎಡವುವುದು ಎರಡು ಕಡೆ. ಮೊದಲನೆಯದು ನೆಗೆಯಲು ಒತ್ತುವ ಗುಂಡಿ (ಬಟನ್). ಒತ್ತಿ ಹಿಡಿದರೆ ಕ್ಲೇರ್ ತೇಲುತ್ತಾಳೆ, ಗಾಬರಿಯಲ್ಲಿ ಪಟಪಟ ಕುಟ್ಟಿದರೆ ಒಂದೊಂದು ಏಟಿಗೂ ಒಂದೊಂದು ಗರಿ ಖಾಲಿ. ಬಂಡೆಯ ಅಂಚು ಇನ್ನೊಂದು ಗೇಣು ಇದೆ ಎನ್ನುವಾಗ ದಮ್ಮು ತೀರಿ ಜಾರುವುದು ಹೀಗೆಯೇ. ಗೋಡೆಯ ಹತ್ತಿರ ಹೋಗಿ, ನೆಗೆತವನ್ನು ನೆಲದಿಂದಲೇ ಮಾಡಿ, ಗರಿಗಳನ್ನೆಲ್ಲ ಹತ್ತುವುದಕ್ಕೆ ಉಳಿಸಿಕೊಂಡರೆ ಅದೇ ಬಂಡೆ ಸಲೀಸು. ಎರಡನೆಯದು ಆತುರ. ಎರಡು ಗರಿ ಸಿಕ್ಕ ಕೂಡಲೇ ನೇರ ಬೆಟ್ಟಕ್ಕೆ ಹೊರಟವರು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೊದಲು ಕಡಲ ದಂಡೆಯಲ್ಲಿ ಒಂದು ಸುತ್ತು ಹಾಕಬೇಕು. ಸಲಿಕೆ ಕೈಗೆ ಬಂದರೆ ಹೂತ ನಾಣ್ಯ ಅಗೆಯಬಹುದು, ಗಿಡಕ್ಕೆ ನೀರು ಹಾಕಿದರೆ ಹೂವು ಅರಳಿ ಕ್ಲೇರಳನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಬಿದ್ದರೆ ಪೆಟ್ಟಿಲ್ಲ, ಜೀವ ಕಳೆಯುವುದಿಲ್ಲ. ಹತ್ತಿದ್ದನ್ನೇ ಮತ್ತೆ ಹತ್ತಬೇಕು, ಶಿಕ್ಷೆ ಅದೊಂದೇ.

ಮೇಲಿನ ಹಿಮದಲ್ಲಿ ಲೆಕ್ಕ ಬದಲಾಗುತ್ತದೆ. ಚಳಿಗೆ, ಬಳಸಿದ ಗರಿ ಹೆಪ್ಪುಗಟ್ಟುತ್ತದೆ. ನೆಲದ ಮೇಲೆ ನಿಂತರೂ ಮರಳದು. ಬೆಚ್ಚಗಿನ ಜಾಗ ಹುಡುಕಿ ಹೋಗಿ ನಿಲ್ಲಬೇಕು. ಅಷ್ಟು ಹೊತ್ತಿಗೆ ಗುಂಡಿ ಕುಟ್ಟುವ ಅಭ್ಯಾಸ ಬಿಡದ ಮಗುವೂ ಇಲ್ಲಿ ಎಣಿಸಿ ಎಣಿಸಿ ಹತ್ತಲು ಕಲಿಯುತ್ತದೆ. ಒಬ್ಬ ಶತ್ರುವೂ ಇಲ್ಲದೆ ಇಷ್ಟು ಬಿಗಿ ಕಟ್ಟಿದ್ದು ಈ ಆಟದ ಜಾಣ್ಮೆ. ನೇರವಾಗಿ ಆಡಿದರೆ ಒಂದೂವರೆ ಗಂಟೆ, ಮೀನು ಹಿಡಿಯುತ್ತಾ, ದ್ವೀಪದಲ್ಲಿ ಎದುರಾಗುವ ಪಾತ್ರಗಳ ಕೆಲಸ ಮಾಡಿಕೊಡುತ್ತಾ ಅಲೆದರೆ ಮೂರು-ನಾಲ್ಕು ಗಂಟೆ. ತುದಿಯಲ್ಲಿ ಫೋನ್ ಬರುತ್ತದೆ, ಯಾರದೆಂದು ಹೇಳಿ ಆಡುವವರ ಸುಖ ಕೆಡಿಸುವುದು ಬೇಡ. ಅಲ್ಲಿಗೆ ಕಥೆ ಮುಗಿಯಿತು. ನಾಳೆ ಬಾ ಎಂದು ಆಟ ಕರೆಯುವುದಿಲ್ಲ.

ತೊಡಕುಗಳೂ ಇವೆ. ಕನ್ನಡದಲ್ಲಿ ಆಟವಿಲ್ಲ. ಮಾತು ಚಿಕ್ಕ ಚಿಕ್ಕವೇ ಆದರೂ ಎಲ್ಲವೂ ಬರಹದಲ್ಲಿವೆ. ಇಂಗ್ಲಿಷ್ ಓದಲು ತಡವರಿಸುವ ಮಗು ಅವನ್ನು ಓಡಿಸಿಬಿಟ್ಟರೆ ಗರಿಯ ಸುಳಿವು ಅಲ್ಲೇ ಹೋಯಿತು. ದೊಡ್ಡವರು ಪಕ್ಕದಲ್ಲಿ ಕೂತು ಓದಿ ಹೇಳುವುದೇ ದಾರಿ. ಪರದೆಯ ಮೂಲೆಯಲ್ಲಿ ಭೂಪಟ ತೋರಿಸುವುದಿಲ್ಲ. ದಾರಿಫಲಕಗಳನ್ನು ನೋಡಿಕೊಂಡೇ ನಡೆಯಬೇಕು. ಚಿತ್ರ ಬೇಕೆಂದೇ ಚೌಕಚೌಕವಾಗಿದೆ, ಕಣ್ಣಿಗೆ ಕಿರಿಕಿರಿ ಎನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಪಿಕ್ಸೆಲ್ ಗಾತ್ರ ಕಡಿಮೆ ಮಾಡಿಕೊಳ್ಳಬಹುದು.

ಇನ್ನು ದುಡ್ಡು. ಒಮ್ಮೆ ಕೊಟ್ಟರೆ ಆಯಿತು, ಒಳಗೆ ಮತ್ತೆ ಕೇಳುವುದಿಲ್ಲ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ, ಕೊಂಡ 14 ದಿನದೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಅಂದರೆ ಇದನ್ನು ಪೂರ್ತಿ ಆಡಿ ಮುಗಿಸಿ ಹಣ ಹಿಂಪಡೆಯಲೂ ನಿಯಮದಲ್ಲಿ ಜಾಗವಿದೆ. ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕದಾಗಿ, ಚೊಕ್ಕವಾಗಿ ಮುಗಿಸಿದವನಿಗೇ ನಷ್ಟ, ಎಳೆದಾಡಿಸಿದವನಿಗೆ ಲಾಭ ಎಂದಾದರೆ ಮುಗಿಯುವ ಆಟ ಮಾಡುವವರಾದರೂ ಯಾರು?

ತಮ್ಮಲ್ಲಿ ಒಂದು ಕೋರಿಕೆ. ಸಿನಿಮಾ ವಿಮರ್ಶೆಯಲ್ಲಿ ಅವಧಿ ಅಚ್ಚು ಹಾಕುತ್ತೀರಿ. ಗೇಮ್‌ಗಳ ಬಗ್ಗೆ ಬರೆಯುವಾಗಲೂ ಮೂರು ವಿಷಯ ಹಾಕಿ: ಎಷ್ಟು ಗಂಟೆಯಲ್ಲಿ ಮುಗಿಯುತ್ತದೆ, ಕೊಂಡ ಮೇಲೂ ದುಡ್ಡು ಕೇಳುತ್ತದೆಯೇ, ಒಂದು ವಾರ ಮುಟ್ಟದಿದ್ದರೆ ಏನಾದರೂ ಕಳೆದುಹೋಗುತ್ತದೆಯೇ.

– ಒಬ್ಬ ಓದುಗ, ಹಾಸನ