ಅಂಗೈ ಮೇಲೆ ಟೈಮ್ ಬರೆದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವುದಕ್ಕೂ ಆಗಲಿಲ್ಲ. ಬಸ್ಸಿನಲ್ಲಿ ಅಪ್ಪನ ಮಾತು ತೊದಲಿದಾಗ ಸುಸ್ತಿರಬೇಕು ಅಂದುಕೊಂಡು ನಾನು ನೀರು ಕುಡಿಸಲು ಹೋದೆ. ಹಿಂದಿನ ಸೀಟಿನಿಂದ ಎದ್ದು ಬಂದು ನೀವು ತಡೆದಿರಿ. ನುಂಗಲು ಆಗದೆ ನೀರು ಶ್ವಾಸಕೋಶಕ್ಕೆ ಹೋಗಬಹುದು ಅಂದಿರಿ. "ಯಜಮಾನ್ರೇ, ಎರಡೂ ಕೈ ಎತ್ತಿ ನೋಡೋಣ." ಬಲಗೈ ಮೆಲ್ಲಗೆ ಕೆಳಗೆ ಜಾರಿತು. "ಸ್ಟ್ರೋಕ್ ಇರಬಹುದು" ಅಂದವರೇ ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದಿರಿ: 9.40.

ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ ಅಂತ ಪಟ್ಟು ಹಿಡಿದಿರಲ್ಲ, ಅದಕ್ಕೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ರಕ್ತನಾಳ ಒಡೆದಿದೆಯೋ ಅನ್ನುವುದು ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಸ್ಟ್ರೋಕ್ ಶುರುವಾದ 4.5 ಗಂಟೆಯೊಳಗೇ ಕೊಡಬೇಕು. ಶುರುವಾಗಿದ್ದು ಎಷ್ಟು ಹೊತ್ತಿಗೆ ಅಂತ ಡಾಕ್ಟರ್ ಕೇಳಿದಾಗ ನಾನು ಅಂಗೈ ತೋರಿಸಿದೆ.

ಬೆಳೆಯುತ್ತಿರುವ ದೇಶಗಳಲ್ಲಿ ಸ್ಕ್ಯಾನ್ ಇರುವ ಆಸ್ಪತ್ರೆಗಳೇ ಕಡಿಮೆ. ಅಲ್ಲಿ ಇಲ್ಲಿ ಸುಮ್ನೆ ಸುತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಯಂತ್ರಗಳು ಬರಲಿ, ಬರಲೇಬೇಕು. ಜೊತೆಗೆ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ನಿಮ್ಮಂಥವರು ಪ್ರತಿ ಬಸ್ಸಿನಲ್ಲೂ ಇದ್ದರೆ ಎಷ್ಟು ಜೀವ ಉಳಿಯುತ್ತದೆ, ಅಲ್ವಾ?

ಅಪ್ಪ ಈಗ ಬಲಗೈಯಲ್ಲೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾರೆ. ದಿನಾ ನಿಮ್ಮನ್ನು ನೆನೆಯುತ್ತಾರೆ.